ಎರಡನೇ ಕ್ಯಾಮೆರಾದ ಚಿತ್ರ

ಬೆಳಗಿನ ಐದೂ ಮುಕ್ಕಾಲು. ಊರಿನ ಓಟದ ಸ್ಪರ್ಧೆ ಶುರುವಾಗಲು ಇನ್ನು ಹದಿನೈದು ನಿಮಿಷ. ಮೈದಾನದ ಮೂಲೆಯ ಪುಟ್ಟ ವೇದಿಕೆಯ ಮೇಲೆ ಬ್ಯಾಂಡಿನವರು ನಿದ್ದೆಗಣ್ಣಿನಲ್ಲೇ ತುತ್ತೂರಿ ಊದಿ ನೋಡುತ್ತಿದ್ದಾರೆ. ಹಗ್ಗದ ಈಚೆ, ಬೋರಲು ಹಾಕಿದ ಹಾಲಿನ ಕ್ರೇಟಿನ ಮೇಲೆ, ಐವತ್ನಾಲ್ಕು ವರ್ಷದ ಒಬ್ಬರು ಒಂಟಿಕಾಲಿನಲ್ಲಿ ನಿಂತಿದ್ದಾರೆ. ಇನ್ನೊಂದು ಕಾಲಿಗೆ ಜಾಗವಿಲ್ಲ, ಅಲ್ಲಿ ಬ್ಯಾಗು ಕೂತಿದೆ. ಕಣ್ಣಿಗೆ ಒತ್ತಿಕೊಂಡದ್ದು ಒಂದು ಕ್ಯಾಮೆರಾ, ಕೊರಳಲ್ಲಿ ತೂಗುವುದು ಇನ್ನೊಂದು. ಬಗ್ಗಿದಾಗಲೆಲ್ಲ ಎರಡೂ ಟಣ್ಣೆಂದು ಡಿಕ್ಕಿ ಹೊಡೆಯುತ್ತವೆ. ಅವರು ಹಲ್ಲು ಕಚ್ಚುತ್ತಾರೆ.

ಹಗ್ಗದ ಆಚೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಏಳೆಂಟು ಮಂದಿ ಪತ್ರಿಕಾ ಛಾಯಾಗ್ರಾಹಕರು ಆರಾಮಾಗಿ ಅಡ್ಡಾಡುತ್ತಿದ್ದಾರೆ. ಎಲ್ಲರ ಎದೆಯ ಮೇಲೂ ಪಾಸು. ಅವರು ಬ್ಯಾಂಡಿನವರ ಮೂಗಿನ ತುದಿಯವರೆಗೂ ಹೋಗಬಹುದು, ಬೇಕಾದರೆ ವೇದಿಕೆ ಹತ್ತಬಹುದು.

"ಅವನ ಲೆನ್ಸ್ ನೋಡಿ ಸಾರ್," ಎಂದು ಕ್ರೇಟಿನ ಮೇಲಿನವರು ಬಗ್ಗಿ ನನ್ನ ಭುಜ ಹಿಂಡುತ್ತಾರೆ. "ನಮ್ಮನೆ ಕುಕ್ಕರಿಗಿಂತ ದೊಡ್ಡದಿದೆ. ಅಷ್ಟು ದೊಡ್ಡದಿಟ್ಕೊಂಡು ಏನ್ ಮಾಡ್ತಿದಾನೆ ಹೇಳಿ? ಮೊಬೈಲ್ ನೋಡ್ತಿದಾನೆ!"

ಹೊಟ್ಟೆಕಿಚ್ಚಾ ಎಂದು ಕೇಳುತ್ತೇನೆ.

"ಅಲ್ದೆ ಇನ್ನೇನು ಸಾರ್? ಹತ್ತೊಂಬತ್ತು ವರ್ಷದಿಂದ ಉರೀತಾ ಇದೆ. ನಮ್ಮನೇಲಿ ಗ್ಯಾಸ್ ಬೇಕಾಗಿಲ್ಲ, ನನ್ ಹೊಟ್ಟೆ ಮೇಲೇ ನೀರು ಕಾಯಿಸ್ಬಹುದು."

ಇವರನ್ನು ಸಂಗೀತ ಸಭಾಂಗಣದ ಕಾವಲುಗಾರರು 'ಕಂಬದಣ್ಣ' ಎಂದು ಕರೆಯುತ್ತಾರೆ. ಪಾಸಿಲ್ಲದ ಇವರಿಗೆ ಎಡಗಡೆಯ ಎರಡನೇ ಕಂಬಕ್ಕೆ ಒರಗಿ ನಿಲ್ಲಲು ಕಾವಲುಗಾರರೇ ದೊಡ್ಡ ಮನಸ್ಸು ಮಾಡಿ ಬಿಟ್ಟಿದ್ದಾರೆ. ಅಲ್ಲಿಂದ ವೇದಿಕೆಯ ಮುಕ್ಕಾಲು ಭಾಗ ಕಾಣುತ್ತದೆ. ಉಳಿದ ಕಾಲು ಭಾಗವನ್ನು ಕಿತ್ತಳೆ ಜಾಕೆಟ್ಟಿನವರ ಬೆನ್ನು ನುಂಗುತ್ತದೆ. ಮೊದಲ ಮೂರು ಹಾಡು ಮುಗಿಯುವವರೆಗೆ ಪಾಸಿನವರು ವೇದಿಕೆಯ ಬುಡದಲ್ಲಿ ನಿಂತು ಚಿತ್ರ ತೆಗೆಯಬಹುದು, ಆಮೇಲೆ ಹೊರಡಬೇಕು ಎಂಬುದು ಎಲ್ಲ ಸಭಾಂಗಣಗಳ ನಿಯಮ. ಆ ಮೂರು ಹಾಡಿಗಾಗಿ ಕಂಬದಣ್ಣ ಹತ್ತೊಂಬತ್ತು ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದಾರೆ. ಯಾವ ಪತ್ರಿಕೆ ಎಂಬ ಖಾನೆಯನ್ನು ಪ್ರತಿ ಸಲ ಖಾಲಿ ಬಿಡಬೇಕಾಗುತ್ತದೆ, ಪ್ರತಿ ಸಲ ಅರ್ಜಿ ವಾಪಸು ಬರುತ್ತದೆ.

ಹೊಟ್ಟೆಪಾಡಿಗೆ ಇವರು ಸರ್ಕಾರಿ ಆಸ್ಪತ್ರೆಯ ಎಕ್ಸ್‌-ರೇ ಕೋಣೆಯಲ್ಲಿದ್ದಾರೆ. ಬೆಳಿಗ್ಗೆ ಎಂಟರಿಂದ ಎರಡರವರೆಗೆ ಪಾಳಿ, ದಿನಕ್ಕೆ ನಲವತ್ತರಿಂದ ನಲವತ್ತೈದು ಚಿತ್ರ. ಎದೆ, ಮೊಣಕೈ, ಸೊಂಟ, ಪಾದ. "ಉಸಿರು ಹಿಡೀರಿ, ಅಲ್ಲಾಡ್ಬೇಡಿ, ಹಾಂ, ಬಿಡಿ" ಎನ್ನುವುದು ಬಾಯಲ್ಲಿ ಎಷ್ಟು ಕೂತುಬಿಟ್ಟಿದೆ ಎಂದರೆ, ಈಗ ತುತ್ತೂರಿಯವನು ಕೆನ್ನೆ ಉಬ್ಬಿಸುವಾಗಲೂ ಇವರು ಕ್ರೇಟಿನ ಮೇಲಿಂದ ಮೆಲ್ಲಗೆ ಉಸಿರು ಹಿಡಿಯಲು ಹೇಳುತ್ತಾರೆ. ತುತ್ತೂರಿಯವನು ಊದುತ್ತಾನೆ. ಇವರು ಬೈದುಕೊಳ್ಳುತ್ತಾರೆ.

ಸಂಜೆ ಮತ್ತು ರಜಾದಿನ ಸಂಗೀತಕ್ಕೆ, ಸಭೆಗಳಿಗೆ, ಓಟಗಳಿಗೆ. ಇದುವರೆಗೆ ಆರುನೂರಕ್ಕೂ ಹೆಚ್ಚು ಕಾರ್ಯಕ್ರಮ. ಪ್ರತಿಯೊಂದರಿಂದ ಹತ್ತು ಹನ್ನೆರಡು ಚಿತ್ರ ಆರಿಸಿ, ಮುದ್ರಿಸಿ, ಆ ಕಲಾವಿದರಿಗೇ ಅಂಚೆಯಲ್ಲಿ ಕಳಿಸುತ್ತಾರೆ. ಯಾರೂ ಕೇಳಿದ್ದಲ್ಲ. ಹತ್ತೊಂಬತ್ತು ವರ್ಷದಲ್ಲಿ, ಮೊನ್ನೆ ಮೊನ್ನೆಯವರೆಗೆ ಬಂದ ಉತ್ತರ ಒಂಬತ್ತು. ಅದರಲ್ಲಿ ಒಂದು, ನನ್ನ ಮೂಗು ಹಾಗಿಲ್ಲ ಎಂಬ ಆಕ್ಷೇಪಣೆ.

ನಾನು ಇವರನ್ನು ಹುಡುಕಿಕೊಂಡು ಬಂದದ್ದು ಹತ್ತನೇ ಉತ್ತರದ ದೆಸೆಯಿಂದ. ಊರಿನವರೆಲ್ಲ ತಲೆಬಾಗುವ ಹಿರಿಯ ಗಾಯಕಿಯೊಬ್ಬರ ಚಿತ್ರ ಒಂದು ತಿಂಗಳಿಂದ ಸಭಾಂಗಣದ ಬಾಗಿಲಲ್ಲಿ ಆಳೆತ್ತರಕ್ಕೆ ನಿಂತಿದೆ. ನೀವೂ ನೋಡಿರುತ್ತೀರಿ. ಎಪ್ಪತ್ತು ದಾಟಿದ ಆಕೆ ಸಭಿಕರಿಗೆ ಬೆನ್ನು ಮಾಡಿ ಪಿಯಾನೋದ ಅಂಚು ಹಿಡಿದು ನಿಂತಿದ್ದಾರೆ. ಒಂದು ಶೂ ಕಳಚಿದೆ. ಊದಿಕೊಂಡ ಬರಿಗಾಲನ್ನು ಇನ್ನೊಂದು ಕಾಲಿನ ಮೇಲೆ ಹೇರಿಕೊಂಡು, ಪಿಯಾನೋ ನುಡಿಸುವ ಮುದುಕ ಹೇಳಿದ ಯಾವುದೋ ಮಾತಿಗೆ ಪಕ್ಕಕ್ಕೆ ತಿರುಗಿ ಮುಖವೆಲ್ಲ ಸುಕ್ಕಾಗುವಂತೆ ನಗುತ್ತಿದ್ದಾರೆ. ಕೆಳಗೆ ಕಂಬದಣ್ಣನ ಹೆಸರು. ಆಕೆಯೇ ಫೋನ್ ಮಾಡಿ ಮೆಚ್ಚಿ, ಖುದ್ದಾಗಿ ದೊಡ್ಡದು ಮಾಡಿಸಿ ಹಾಕಿಸಿದ್ದು.

ನಿಜ ಹೇಳಿಬಿಡುತ್ತೇನೆ. ಅದನ್ನು ಮೊದಲು ಕಂಡಾಗ ನನಗೆ ಸಂತೋಷವಾಗಲಿಲ್ಲ, ಕಣ್ಣು ಕೆಂಪಾಯಿತು. ಅದೇ ಗಾಯಕಿಯ ಬಗ್ಗೆ ಇದೇ ಪುರವಣಿಯಲ್ಲಿ ನಾನು ಮೂರು ಸಲ ಬರೆದಿದ್ದೇನೆ, ಪುಟಗಟ್ಟಲೆ. ಆ ಒಂದು ಕಾಲಿನಲ್ಲಿ ಇದ್ದದ್ದು ನನ್ನ ಮೂರು ಲೇಖನದಲ್ಲೂ ಇರಲಿಲ್ಲ. ಪಾಸೂ ಇಲ್ಲದ ಒಬ್ಬ ಹವ್ಯಾಸಿ ಹೀಗೆ ಮಾಡಿದ್ದಾನಲ್ಲ ಎಂದು ಎರಡು ದಿನ ಮೈ ಪರಚಿಕೊಂಡೆ. ಮೂರನೇ ದಿನ ಫೋನ್ ಮಾಡಿದೆ.

ಓಟದ ಗದ್ದಲ ಮುಗಿದ ಮೇಲೆ ಅವರ ಮನೆಗೆ ಹೋಗುತ್ತೇವೆ. ಮೂರನೇ ಮಹಡಿ, ಎರಡು ಕೋಣೆ, ಒಂದು ಅಡುಗೆಮನೆ. ಊಟದ ಮೇಜಿನ ಅರ್ಧ ಊಟಕ್ಕೆ, ಇನ್ನರ್ಧ ಫೋಟೋಗಳಿಗೆ. ಮೇಜಿನ ಪಕ್ಕ ಅವರ ಹೆಂಡತಿ ಬಕೆಟ್ಟಿನ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟು ಕೂತಿದ್ದಾರೆ. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಮಾಡುತ್ತಾರೆ, ದಿನಕ್ಕೆ ಏಳು ಗಂಟೆ ನಿಂತೇ ಕೆಲಸ. ನನಗೆ ನಮಸ್ಕಾರ ಹೇಳುತ್ತಾರೆ, ಗಂಡನಿಗೆ ಏನೂ ಹೇಳುವುದಿಲ್ಲ.

ಮುಂಚೆ ಪ್ರತಿ ಕಾರ್ಯಕ್ರಮಕ್ಕೂ ಇವರಿಬ್ಬರೂ ಜೊತೆಯಾಗಿ ಹೋಗುತ್ತಿದ್ದರಂತೆ. ಮಡಚುವ ಸ್ಟೂಲು, ಬ್ಯಾಗು, ಎರಡನೇ ಕ್ಯಾಮೆರಾ ಆಕೆಯ ಪಾಲಿಗೆ. ನಾಲ್ಕು ಭಾನುವಾರದಿಂದ ಆಕೆ ಹೋಗುತ್ತಿಲ್ಲ. ಕಾಲುನೋವಾ ಎಂದು ಕೇಳಿದೆ. "ಕಾಲುನೋವು ಹದಿನಾರು ವರ್ಷದ್ದು ಸಾರ್," ಎನ್ನುತ್ತಾರೆ ಆಕೆ. "ಇದು ಹೊಸದು."

ನಾನು ಪೆನ್ನು ತೆಗೆದು, ಇಂಥ ಲೇಖನಗಳಲ್ಲಿ ಎಲ್ಲರೂ ಕೇಳುವ ಪ್ರಶ್ನೆ ಕೇಳುತ್ತೇನೆ. ಆ ಚಿತ್ರ ತೆಗೆದ ಕ್ಷಣದಲ್ಲಿ ಏನನ್ನಿಸಿತು?

"ಅದು ಹೆಂಗೆ ಅಂದ್ರೆ ಸಾರ್, ಕಾಯ್ಬೇಕು," ಎಂದು ಕಂಬದಣ್ಣ ಶುರುಮಾಡುತ್ತಾರೆ. "ಫೋಟೋ ಅನ್ನೋದು ತಾಳ್ಮೆ. ನಾನು ಕಂಬಕ್ಕೆ ಒರಗಿ ಕಾಯ್ತಾ ಇದ್ದೆ..."

ಬಕೆಟ್ಟಿನಲ್ಲಿ ನೀರು ಅಲುಗುವುದು ನಿಲ್ಲುತ್ತದೆ. ಅವರು ಹೆಂಡತಿಯ ಕಡೆ ನೋಡುತ್ತಾರೆ. ಆಕೆ ಗೋಡೆಯ ಕಡೆ ನೋಡುತ್ತಾರೆ.

"ಪೆನ್ ಕೆಳಗಿಡಿ ಸಾರ್," ಎನ್ನುತ್ತಾರೆ ಅವರು. "ಅದು ನಾನು ತೆಗೆದದ್ದಲ್ಲ. ಇವಳು ತೆಗೆದದ್ದು."

ನಡೆದದ್ದು ಇಷ್ಟು. ಆ ಸಂಜೆ ಅವರು ಮೆಮೊರಿ ಕಾರ್ಡ್ ತುಂಬಿತೆಂದು ತಲೆ ಬಗ್ಗಿಸಿ ಬೇರೆ ಕಾರ್ಡ್ ಹಾಕುತ್ತಿದ್ದರು. ಎರಡನೇ ಕ್ಯಾಮೆರಾ ಎಂದಿನಂತೆ ವೇದಿಕೆಯ ಬೆಳಕಿಗೆ ಸರಿಹೊಂದಿಸಿಟ್ಟು ಹೆಂಡತಿಯ ಕೊರಳಲ್ಲಿತ್ತು. ಮನೆಗೆ ಬಂದು ಎರಡೂ ಕಾರ್ಡಿನ ಚಿತ್ರಗಳನ್ನು ಒಟ್ಟಿಗೇ ಕಂಪ್ಯೂಟರಿಗೆ ಸುರಿದರು, ಯಾವುದು ಯಾವ ಕಾರ್ಡಿನದೆಂದು ನೋಡದೆ ಹನ್ನೆರಡು ಆರಿಸಿದರು. ಮುದ್ರಣವಾಗಿ ಬಂದ ಮೇಲೆ ಈ ಮೇಜಿನ ಮೇಲೆ ಎಲ್ಲವನ್ನೂ ಮಕಾಡೆ ಹರಡಿ, ಹೆಸರು ಮತ್ತು ಫೋನ್ ನಂಬರಿರುವ ರಬ್ಬರ್ ಮೊಹರನ್ನು ಹನ್ನೆರಡು ಬೆನ್ನಿಗೂ ಟಪಟಪ ಒತ್ತಿ ಲಕೋಟೆಗೆ ತುಂಬಿದರು. ಹತ್ತೊಂಬತ್ತು ವರ್ಷದಿಂದ ಮಾಡುತ್ತಿರುವುದು ಹೀಗೆಯೇ. ಚಿತ್ರಗಳೆಲ್ಲ ತಮ್ಮವೇ ಆಗಿದ್ದರಿಂದ ಹಿಂದೆ ಯಾವತ್ತೂ ಒತ್ತುವ ಮುಂಚೆ ತಿರುಗಿಸಿ ನೋಡುವ ಅಗತ್ಯ ಬಿದ್ದಿರಲಿಲ್ಲ.

"ಮೊಹರು ಬಿದ್ದದ್ದು ಕೈತಪ್ಪಿ ಸಾರ್, ಅದು ಸತ್ಯ," ಎನ್ನುತ್ತಾರೆ. "ಆದ್ರೆ ಹಾಡೋ ಅಮ್ಮ ಫೋನ್ ಮಾಡಿದ್ರಲ್ಲ, ಶೂ ಕಳಚಿದ ಫೋಟೋ ಅಂದ್ರಲ್ಲ, ಆಗ ಗೊತ್ತಾಯ್ತು. ಗೊತ್ತಾಗಿಯೂ 'ಥ್ಯಾಂಕ್ಸ್ ಅಮ್ಮ' ಅಂದೆ. ಅದು ಕೈತಪ್ಪಿ ಆದದ್ದಲ್ಲ."

ಸಭಾಂಗಣದ ಬಾಗಿಲಲ್ಲಿ ಚಿತ್ರ ಕಂಡ ದಿನ ಹೆಂಡತಿ, ಇದು ನಾನು ತೆಗೆದದ್ದಲ್ವಾ ಎಂದು ಕೇಳಿದ್ದರು. "ಇರ್ಬಹುದು, ಎರಡೂ ಕ್ಯಾಮೆರಾ ನಂದೇ ಅಲ್ವಾ" ಎಂದಿದ್ದರು ಇವರು.

"ಫೋಟೋ ಹೋದ್ರೆ ಹೋಗ್ಲಿ ಸಾರ್," ಎನ್ನುತ್ತಾರೆ ಆಕೆ, ಈಗ ನನ್ನ ಕಡೆ ತಿರುಗಿ. "ಆ ಮಾತು ಮಾತ್ರ ಗಂಟಲಲ್ಲೇ ಕೂತಿದೆ. ಹತ್ತೊಂಬತ್ತು ವರ್ಷ ಇವರ ಬ್ಯಾಗ್ ಹೊತ್ತಿದೀನಿ. ಆಗ ಬ್ಯಾಗ್ ಯಾರದು ಅಂತ ನಾನು ಕೇಳಿದೀನಾ?"

ನೀವು ಹೇಗೆ ತೆಗೆದಿರಿ ಎಂದು ಆಕೆಯನ್ನು ಕೇಳುತ್ತೇನೆ.

"ಹೇಗೆ ಅಂದ್ರೆ? ಹಾಡು ಮುಗೀತು, ಎಲ್ರೂ ಚಪ್ಪಾಳೆ ತಟ್ತಾ ಇದ್ರು. ಅಮ್ಮ ಆ ಕಡೆ ತಿರುಗಿ ಶೂ ಕಳಚಿದ್ರು. ಅಯ್ಯೋ, ಇವರದ್ದೂ ನನ್ ಹಾಗೇ ಊದ್ಕೊಂಡಿದೆಯಲ್ಲ ಅನ್ನಿಸ್ತು. ಒತ್ತಿದೆ."

"ಎಷ್ಟು ಸಲ ಒತ್ತಿದಿರಿ?"

"ಒಂದೇ ಸಲ."

ಕಂಬದಣ್ಣ ತಲೆ ಚಚ್ಚಿಕೊಳ್ಳುತ್ತಾರೆ. "ಒಂದೇ ಸಾರ್! ಆವತ್ತು ನಾನು ನಾನೂರ ಎಂಬತ್ತು ತೆಗೆದಿದೀನಿ. ಪುಸ್ತಕ ಓದಿದೀನಿ, ತರಗತಿಗೆ ಹೋಗಿದೀನಿ, ಮೊಣಕಾಲು ಸವೆಸಿದೀನಿ. ಆಸ್ಪತ್ರೇಲಿ ದಿನಾ ಜನರ ಪಾದ ನೋಡ್ತೀನಿ, ಮೂಳೆ ಸಮೇತ! ಒಂದ್ ಸಲನಾದ್ರೂ ಹಾಡುವವರ ಕಾಲು ನೋಡ್ಬೇಕು ಅಂತ ನಂಗೆ ಯಾಕೆ ಹೊಳೀಲಿಲ್ಲ? ಆ ಕಿತ್ತಳೆ ಜಾಕೆಟ್ಟಿನವನು ತೆಗೆದಿದ್ರೆ ಬೈಕೊಂಡು ಮಲಗ್ತಿದ್ದೆ. ಇವಳು ತೆಗೆದಿದಾಳೆ. ಯಾರಿಗೆ ಬೈಲಿ? ಪಕ್ಕದಲ್ಲೇ ಮಲಗ್ತಾಳೆ."

ಆಕೆ ನಗುವುದಿಲ್ಲ. ನಗು ಬಂದದ್ದು ನನಗೆ, ಅದೂ ಅರ್ಧಕ್ಕೇ ನಿಲ್ಲುತ್ತದೆ. ಈ ಮನುಷ್ಯನ ಹೊಟ್ಟೆಯಲ್ಲಿ ಉರಿಯುತ್ತಿರುವುದು ತಮಾಷೆಯ ಬೆಂಕಿಯಲ್ಲ, ಕಣ್ಣಲ್ಲಿ ನೀರಿದೆ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎರಡು ದಿನ ಮೈ ಪರಚಿಕೊಂಡವನು ನಾನು.

ಲೇಖನ ಸಂಜೆಯೊಳಗೆ ಕೊಡಬೇಕು, ಚಿತ್ರದ ಕೆಳಗೆ ಯಾರ ಹೆಸರು ಹಾಕಲಿ ಎಂದು ಕೇಳುತ್ತೇನೆ.

"ಅವರೇ ಹೇಳ್ಲಿ," ಎನ್ನುತ್ತಾರೆ ಹೆಂಡತಿ.

ಕಂಬದಣ್ಣ ಮೊಬೈಲ್ ತೆಗೆದು ಗಾಯಕಿಗೇ ಕರೆ ಮಾಡುತ್ತಾರೆ. ನಮ್ಮಿಬ್ಬರಿಗೂ ಕೇಳಲೆಂದು ಸ್ಪೀಕರ್ ಹಾಕಿ ಮೇಜಿನ ಮೇಲಿಡುತ್ತಾರೆ. ಹೇಳುವಾಗ ಎಲ್ಲೂ ಸುತ್ತಿ ಬಳಸುವುದಿಲ್ಲ. ಫೋಟೋ ನಂದಲ್ಲ ಅಮ್ಮ, ನನ್ನ ಹೆಂಡತಿದು, ನಿಮಗೆ ಸುಳ್ಳು ಹೇಳ್ದೆ, ಅವಳಿಗೂ ಅನ್ಯಾಯ ಮಾಡ್ದೆ.

ಆ ಕಡೆಯಿಂದ ಊರೇ ಬಲ್ಲ ಆ ಧ್ವನಿ. "ನೀವು ಹನ್ನೆರಡು ಕಳಿಸಿದ್ರಿ. ಹನ್ನೊಂದರಲ್ಲಿ ನನ್ನ ಬಾಯಿ ಇತ್ತು. ಒಂದರಲ್ಲಿ ನಾನಿದ್ದೆ. ಬೇರೆಯವರು ತೆಗೆದದ್ದು ಅಂತ ನನಗೇ ಹೊಳೀಬೇಕಿತ್ತು. ನಾಳೇನೇ ಹೆಸರು ಬದಲಾಯಿಸ್ತೀನಿ. ಫೋನ್ ಅವರಿಗೆ ಕೊಡಿ."

ಹನ್ನೊಂದು ಬಾಯಿಯ ಮಾತಿಗೆ ಕಂಬದಣ್ಣ ಕುರ್ಚಿಯಲ್ಲೇ ಕುಗ್ಗುತ್ತಾರೆ. ಹೆಂಡತಿ ಒದ್ದೆ ಕೈ ಒರೆಸಿಕೊಂಡು ಫೋನನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಆಕೆ ಕೇಳುವ ಮೊದಲ ಮಾತು, "ಈಗ ಕಾಲು ಹೇಗಿದೆ ಅಮ್ಮ?"

ಹತ್ತು ನಿಮಿಷ ಇಬ್ಬರೂ ಬರೀ ಕಾಲಿನ ವಿಷಯ ಮಾತಾಡುತ್ತಾರೆ. ಯಾವ ಅಂಗಡಿಯ ಶೂ ಮೆತ್ತಗಿರುತ್ತದೆ, ನೀರು ಎಷ್ಟು ಬಿಸಿ ಇರಬೇಕು, ಯಾವ ಹೊತ್ತಿಗೆ ಊತ ಇಳಿಯುತ್ತದೆ. ಫೋಟೋ, ಬೆಳಕು, ಕೋನ ಯಾವುದೂ ಬರುವುದಿಲ್ಲ. ಮೂವತ್ತು ವರ್ಷ ಸಂಗೀತದ ಬಗ್ಗೆ ಬರೆದ ನನ್ನ ಜೊತೆ ಆ ಗಾಯಕಿ ಒಮ್ಮೆಯೂ ಹೀಗೆ ಮಾತಾಡಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಚುಚ್ಚುತ್ತಲೇ ಇರುತ್ತದೆ.

ಕೊನೆಗೆ ಗಾಯಕಿ, ಮುಂದಿನ ತಿಂಗಳು ನನ್ನ ಕಾರ್ಯಕ್ರಮವಿದೆ, ವೇದಿಕೆಯ ಬುಡಕ್ಕೇ ಬನ್ನಿ, ಮೂರು ಹಾಡಲ್ಲ, ಕೊನೆಯವರೆಗೂ ಇರಿ, ಪಾಸು ನಾನೇ ಕಳಿಸುತ್ತೇನೆ ಎನ್ನುತ್ತಾರೆ. "ಒಂದು ಕಳಿಸ್ಲಾ, ಎರಡು ಕಳಿಸ್ಲಾ?"

ಕಂಬದಣ್ಣ ನೆಟ್ಟಗೆ ಕೂರುತ್ತಾರೆ. ಬಾಯಿ ಬಿಟ್ಟು ಕೇಳುವ ಮುಖ ತಮಗಿಲ್ಲ ಎಂಬುದು ಅವರಿಗೂ ಗೊತ್ತು. ಹೆಂಡತಿ ಅವರನ್ನು ನೋಡುತ್ತಾರೆ. ಚೆನ್ನಾಗಿ, ನಿಧಾನವಾಗಿ ನೋಡುತ್ತಾರೆ.

"ಒಂದು ಸಾಕಮ್ಮ," ಎನ್ನುತ್ತಾರೆ.

ಫೋನಿಟ್ಟ ಮೇಲೆ ಆಕೆ ಎರಡನೇ ಕ್ಯಾಮೆರಾವನ್ನು ಗಂಡನ ಕೊರಳಿನಿಂದ ತೆಗೆದು ತಮ್ಮ ಕೊರಳಿಗೆ ಹಾಕಿಕೊಳ್ಳುತ್ತಾರೆ, ಬಕೆಟ್ಟಿನಿಂದ ಪಾದ ಎತ್ತಿ ಒರೆಸಿಕೊಳ್ಳುತ್ತಾರೆ, ನಮಗೆ ಟೀ ಇಡಲು ಏಳುತ್ತಾರೆ. ಅವರನ್ನು ತಡೆದು ಗಂಡ ತಾವೇ ಒಲೆ ಹಚ್ಚುತ್ತಾರೆ.

ಈ ಪುಟದ ಚಿತ್ರದ ಕೆಳಗೆ ಆಕೆಯ ಹೆಸರಿದೆ. ಹಾಗೆಯೇ ಹಾಕಬೇಕೆಂದು ಕಂಬದಣ್ಣನೇ ಅಕ್ಷರ ಅಕ್ಷರ ಬಿಡಿಸಿ ಬರೆಸಿದರು. ನಿಮ್ಮದೇನಾದರೂ ಆಸೆ ಇದೆಯೇ ಎಂದು ಹೊರಡುವಾಗ ಕೇಳುತ್ತೇನೆ. ಅವರು ಅಡುಗೆಮನೆಯ ಕಡೆ ಒಮ್ಮೆ ನೋಡಿ, ಮೆಟ್ಟಿಲವರೆಗೆ ನನ್ನ ಜೊತೆ ಬಂದು, ದನಿ ತಗ್ಗಿಸುತ್ತಾರೆ.

"ಅಮ್ಮನ ಕಾರ್ಯಕ್ರಮದ ದಿನ ಸ್ಟೂಲು, ಬ್ಯಾಗು ಎಲ್ಲ ನಾನೇ ಹೊರ್ತೀನಿ ಸಾರ್, ಬೇಜಾರಿಲ್ಲ. ದೇವರ ಹತ್ರ ಕೇಳ್ಕೊಳ್ಳೋದು ಒಂದೇ. ಅವಳು ತೆಗೆಯೋದ್ರಲ್ಲಿ ಒಂದಾದ್ರೂ ಅಲ್ಲಾಡಿ ಮಸುಕಾಗಿ ಬರ್ಲಿ."