ಗೇರು ಎಲ್ಲಿದೆ ಎಂದು ಕೇಳಿದ ಮಾಸ್ತಪ್ಪ

ಮಾಸ್ತಪ್ಪ ನಮ್ಮ ಖಾನಾವಳಿಗೆ ಮೊದಲ ಸಲ ಬಂದ ದಿನ ರೊಟ್ಟಿ ಕೇಳಲಿಲ್ಲ. ಊರುಗೋಲನ್ನು ಗೋಡೆಗೆ ಆನಿಸಿ, ಬೆಂಚಿನ ತುದಿಗೆ ಕುಳಿತು, ಹಿತ್ತಿಲ ಬಾಗಿಲ ಕಡೆಗೇ ನೋಡುತ್ತಿದ್ದ.

"ಅಮ್ಮಾ, ಆ ತಾಡಪಾಲಿನ ಕೆಳಗಿರೋದು ಫಿಯಟ್ ಅಲ್ವಾ? ಅದಕ್ಕೆ ಗೇರು ಎಲ್ಲೈತೆ? ನೆಲದ ಮೇಲೋ, ಸ್ಟೇರಿಂಗಿನ ಹತ್ರಾನೋ?"

"ಗೇರು ತಗೊಂಡು ಏನ್ ಮಾಡ್ತೀಯಪ, ಮೊದ್ಲು ಉಣ್ಣು. ರೊಟ್ಟಿ ಆರ್ತತಿ" ಎಂದೆ.

ತೊಂಬತ್ತೊಂಬತ್ತನೇ ಇಸವಿ, ಸಂಕ್ರಾಂತಿ ಕಳೆದಿತ್ತು. ಕಾರಿನ ಬೆಲೆ ಕೇಳಿದವರು ಬಹಳ ಮಂದಿ ಬಂದು ಹೋಗಿದ್ದರು. ಗುಜರಿಯವನಂತೂ ಬಂದಾಗಲೆಲ್ಲ ಅದರ ಬಾನೆಟ್ಟನ್ನು ತಟ್ಟಿ, ಸಂತೆಯಲ್ಲಿ ಎತ್ತಿನ ಬೆನ್ನು ತಟ್ಟುವ ಹಾಗೆ ನೋಡುತ್ತಿದ್ದ. ಗೇರು ಎಲ್ಲಿದೆ ಎಂದು ಕೇಳಿದವರು ಯಾರೂ ಇರಲಿಲ್ಲ. ರೊಟ್ಟಿ ಬಡಿಸಿದ ಮೇಲೆ ನಾನೇ ಹೇಳಿದೆ: "ಸ್ಟೇರಿಂಗಿನ ಎಡಕ್ಕೈತಿ. ಯಾಕ?"

ಅವನು ತನ್ನ ಎಡಗಾಲನ್ನು ಕೈಯಿಂದ ಎತ್ತಿ ಬೆಂಚಿನ ಕೆಳಗಿಂದ ಈಚೆಗೆ ಇಟ್ಟು ತೋರಿಸಿದ. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಹೋದ ಕಾಲು. ಬಲಗಾಲು ಗಟ್ಟಿಯಾಗಿತ್ತು.

ಮಾಸ್ತಪ್ಪನ ಊರು ಸೊರಬ ತಾಲ್ಲೂಕಿನ ಕ್ಯಾಸನೂರು. ನಮ್ಮ ಶಿಕಾರಿಪುರದಲ್ಲಿ ಟೈಪಿಂಗ್ ಕಲಿಸುವ ಮೇಷ್ಟ್ರಾಗಿದ್ದ. ಚಿಕ್ಕಂದಿನಲ್ಲಿ ಶಾಲೆಗೆ ಅಣ್ಣನ ಹೆಗಲ ಮೇಲೆ ಹೋದ, ಆಮೇಲೆ ಯಾರದಾದರೂ ಸೈಕಲ್ಲಿನ ಹಿಂದೆ, ದೊಡ್ಡವನಾದ ಮೇಲೆ ಬಸ್ಸಿನಲ್ಲಿ. ಇಳಿಯುವಾಗ ಕಂಡಕ್ಟರು ಕಂಕುಳಿಗೆ ಕೈ ಹಾಕಿ ಇಳಿಸುತ್ತಿದ್ದ. ಊರ ಸ್ಟಾಪಿನಲ್ಲಿ ತಾಯಿ ಮೊದಲೇ ಬಂದು ನಿಂತಿರುತ್ತಿದ್ದಳಂತೆ, ಎತ್ತಿಕೊಳ್ಳಲು ಅಣ್ಣನನ್ನೂ ಕರೆದುಕೊಂಡು.

"ಒಂದ್ಸಲ ನಮ್ಮವ್ವ ಮನೆ ಬಾಗ್ಲಲ್ಲೇ ಇರ್ಬೇಕು ಅಮ್ಮ. ನಾನು ಬರೋದು ಅವ್ಳಿಗೆ ಗೊತ್ತೇ ಇರ್ಬಾರ್ದು. ಅಂಗಳಕ್ಕೆ ಬಂದು ಹಾರನ್ ಹೊಡಿಬೇಕು" ಎಂದ. ಅವನು ಬಯಸಿದ್ದು ಅಷ್ಟೇ. ಅದನ್ನು ಹೇಳುವಾಗ ತುತ್ತು ಕೈಯಲ್ಲೇ ಉಳಿದಿತ್ತು.

ಮೊದಲು ಅವನ ಆಸೆ ಹೊಸ ಸಣ್ಣ ಕಾರಿನ ಮೇಲೆ ಇತ್ತು. ಭಾನುವಾರ ಶಿವಮೊಗ್ಗಕ್ಕೆ ಹೋಗಿ, ಅಲ್ಲಿ ಆಗಷ್ಟೇ ಇಂಟರ್‌ನೆಟ್ ಬಂದಿದ್ದ ಒಂದು ಅಂಗಡಿಯಲ್ಲಿ ಕೂರುತ್ತಿದ್ದ. ಹಳೆಯ ಕಾರು ಇಟ್ಟುಕೊಂಡವರದ್ದೇ ಒಂದು ಕೂಟ ಅದರಲ್ಲಿ ಇತ್ತು. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಒಬ್ಬ ಬರೆದದ್ದು ಎಲ್ಲರಿಗೂ ಹೋಗುತ್ತದೆ, ಬಲ್ಲವರು ಉತ್ತರ ಬರೆಯುತ್ತಾರೆ. ನನಗೆ ಇದು ಅರ್ಥವಾಗಲು ತಡವೇನೂ ಆಗಲಿಲ್ಲ. ಹಿಟ್ಟಿನ ಗಿರಣಿಯ ಕಟ್ಟೆಯಲ್ಲಿ ನನ್ನ ಎಮ್ಮೆ ಹಾಲು ಇಳಿಸುತ್ತಿಲ್ಲ ಎಂದು ಒಬ್ಬಳು ಅಂದರೆ ಹತ್ತು ಜನ ಹತ್ತು ಮದ್ದು ಹೇಳುವುದಿಲ್ಲವೇ, ಹಾಗೆ. ಆ ಕೂಟದ ಕೊಯಮತ್ತೂರಿನವರೊಬ್ಬರಿಗೂ ಇವನಂಥದೇ ಕಾಲು. ಅವರು ಬರೆದಿದ್ದರು: ಹೊಸದರ ಆಸೆ ಬಿಡು, ಸ್ಟೇರಿಂಗಿನ ಬಳಿ ಗೇರು ಇರುವ ಹಳೆ ಫಿಯಟ್ ಹುಡುಕು, ಎಡಗಾಲಲ್ಲಿ ಒತ್ತಬೇಕಾದ ಕ್ಲಚ್ಚಿಗೆ ಆ ಕಡ್ಡಿಯ ಜೊತೆಗೇ ಸ್ಕೂಟರಿನ ಹಾಗೆ ಹಿಡಿ ಕೂರಿಸಬಹುದು, ಒಂದೇ ಕೈ ಎರಡೂ ಕೆಲಸ ಮಾಡುತ್ತದೆ, ನನ್ನದು ಹಾಗೇ ಓಡುತ್ತಿದೆ.

ನಮ್ಮ ಯಜಮಾನರು ಶಾಂತವೀರಪ್ಪನವರು ಜವಳಿ ವ್ಯಾಪಾರ ಮಾಡುತ್ತಿದ್ದರು. ಸೊರಬದ ಸಂತೆಗೆ, ಉಳವಿಯ ಕಡೆಗೆ ಮದುವೆ ಬಟ್ಟೆ ಒಯ್ಯಲು ಆ ಕಾರು. ಅವರ ಪಕ್ಕದ ಜಾಗ ರೇಷ್ಮೆ ಸೀರೆಗಳದು, ಮಡಿಕೆ ಮುರಿಯಬಾರದಲ್ಲ. ನಾನು ಹಿಂದೆ, ಗಂಟುಗಳ ನಡುವೆ. ದಾರಿಯಲ್ಲಿ ಮಾತು ಕಡಿಮೆ. ಆಗಾಗ ಅವರು ಅರ್ಧ ತಿರುಗಿ ನನ್ನನ್ನು ನೋಡುತ್ತಿದ್ದರು. ತಿರುಗಿದಾಗಲೆಲ್ಲ ಅವರ ಸೀಟಿನ ಸ್ಪ್ರಿಂಗು ಕಿರ್ ಎನ್ನುತ್ತಿತ್ತು. ನಾನು ತೂಕಡಿಸುತ್ತಿದ್ದರೂ ಆ ಸದ್ದಿಗೆ ಕಣ್ಣು ಬಿಡುತ್ತಿದ್ದೆ. ಅವರು ತೀರಿಕೊಂಡ ಮೇಲೆ ನಾನು ಖಾನಾವಳಿ ಇಟ್ಟೆ, ಕಾರು ಹಿತ್ತಿಲು ಸೇರಿತು.

ಮಾಸ್ತಪ್ಪ ಗ್ಯಾರೇಜಿನ ಈಶ್ವರನನ್ನು ಕರೆತಂದ. ಈಶ್ವರ ತಾಡಪಾಲು ಎತ್ತಿ ನೋಡಿ ನಕ್ಕ.

"ಹತ್ತು ವರ್ಷದಿಂದ ನಿಂತೈತಲ್ರೀ ಅವ್ವಾರ, ಇಂಜಿನ್ ಅಂಟ್ಕಂಡು ಕಲ್ಲಾಗಿರ್ತತಿ. ಮೇಷ್ಟ್ರಿಗೆ ಮಾರೋ ಬದ್ಲು ಸಗಣಿ ಕುಳ್ಳು ತುಂಬಿಟ್ಕೊಳ್ರಿ, ಮಳಿಗಾಲಕ್ಕ ಬೆಚ್ಚಗಿರ್ತಾವು."

"ನಿನ್ನ ಗ್ಯಾರೇಜಿನ್ಯಾಗ ಇರೋ ಗಾಡಿಗಿಂತ ಬೆಚ್ಚಗೈತಿ, ತಗಿ" ಎಂದೆ. ಆದರೂ ಎದೆಯಲ್ಲಿ ಅಳುಕಿತ್ತು. ಮಾಸ್ತಪ್ಪನ ಮುಖವೂ ಇಳಿದಿತ್ತು.

ಆ ವಾರ ಅವನು ಕೂಟದವರನ್ನು ಕೇಳಿದ. ಮುಂದಿನ ಭಾನುವಾರ ಉತ್ತರದ ಹಾಳೆಗಳನ್ನು ಹಿಡಿದುಕೊಂಡು ಬಸ್ಸಿಳಿದು ನೇರ ಒಲೆಯ ಹತ್ತಿರ ಬಂದ. "ಅಮ್ಮ, ಕೂಟದಲ್ಲಿ ಪುಣೆಯವರೊಬ್ರು ಕೇಳ್ತಾರೆ, ನಿಂತ ಮೇಲೆ ಇಂಜಿನ್ನು ಒಂದ್ಸಲನಾದ್ರೂ ತಿರುಗೈತಾ ಅಂತ."

ತಿರುಗದೇ ಏನು? ನಮ್ಮಲ್ಲಿ ಅಮಾವಾಸ್ಯೆಗೆ ಅಂಗಡಿಗೂ ಗಾಡಿಗೂ ಪೂಜೆ. ವಿಭೂತಿ ಹಚ್ಚಿ, ನಿಂಬೆಹಣ್ಣು ಇಟ್ಟು, ಆಮೇಲೆ ಯಜಮಾನರು ಮುಂದೆ ಹ್ಯಾಂಡಲ್ಲು ಹಾಕಿ ಮೂರು ಸುತ್ತು ತಿರುಗಿಸುತ್ತಿದ್ದರು. ಪೂಜೆ ಮಾಡಿಸಿಕೊಂಡ ಗಾಡಿ ಮೈ ಕೊಡವಿಕೊಳ್ಳಬೇಕು ಎನ್ನುತ್ತಿದ್ದರು. ಅವರು ಹೋದ ಮೇಲೆ ನಾನೂ ಬಿಟ್ಟಿರಲಿಲ್ಲ. ಎರಡೂ ಕೈ ಹಾಕಿ, ಮೈಭಾರವೆಲ್ಲ ಬಿಟ್ಟು ತಿರುಗಿಸುತ್ತಿದ್ದೆ. ಪೆಟ್ರೋಲಿಲ್ಲದ ಗಾಡಿಗೆ ಇದೆಲ್ಲ ಯಾಕೆ ಎಂದು ಯಾರಾದರೂ ನಗಬಹುದೆಂದು ಹಿತ್ತಿಲ ಬಾಗಿಲು ಹಾಕಿಕೊಂಡಿರುತ್ತಿದ್ದೆ.

ಮಾಸ್ತಪ್ಪ ಇದನ್ನು ಬರೆದ. ಮುಂದಿನ ವಾರ ಉತ್ತರ ಬರೆದವರು ಒಬ್ಬಿಬ್ಬರಲ್ಲ. ಆ ಅಮ್ಮನಿಗೆ ನಮಸ್ಕಾರ ಹೇಳು, ಗಾಡಿ ಬದುಕಿದೆ, ಆತುರ ಮಾಡಬೇಡಿ, ಪ್ಲಗ್ಗು ಬಿಚ್ಚಿ ಎಣ್ಣೆ ಬಿಟ್ಟು ಒಂದು ವಾರ ಸುಮ್ಮನಿರಿ ಎಂದಿದ್ದರು. ಅಲ್ಲಿಂದ ಮುಂದೆ ಅವರ ಪ್ರಶ್ನೆಗಳು ನನಗೇ ಬರತೊಡಗಿದವು. ಏರಿನಲ್ಲಿ ಹೇಗೆ ಕೂಗುತ್ತಿತ್ತು, ಹೊಗೆ ಯಾವ ಬಣ್ಣ, ಚಳಿಯಲ್ಲಿ ಎಷ್ಟು ಸಲಕ್ಕೆ ಏಳುತ್ತಿತ್ತು. ನಾನು ರೊಟ್ಟಿ ತಟ್ಟುತ್ತಾ ಹೇಳುತ್ತಿದ್ದೆ, ಅವನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಿದ್ದ. ಉಳವಿಯ ಏರಿನಲ್ಲಿ ಬಾಣಂತಿಯ ಹಾಗೆ ಒಂದು ನಿಟ್ಟುಸಿರು, ಆಮೇಲೆ ಗೇರು ಬದಲು. ಬಲಕ್ಕೆ ತಿರುಗಿದರೆ ಹಿಂದಿನ ಚಕ್ರದಲ್ಲಿ ಅಕ್ಕಿ ಕೇರಿದಂಥ ಸದ್ದು.

"ಬಾಣಂತಿಗೆ ಇಂಗ್ಲಿಷಿನಲ್ಲಿ ಎಂತ ಬರಿಲಿ ಮಾರಾಯ್ರೇ?" ಎಂದು ಅವನು ಪೆನ್ನು ಕಚ್ಚುತ್ತಿದ್ದ.

ಒಂದು ದಿನ ಮಾತಿಗೆ ಮಾತು ಬಂದು, ಮುಂದಿನ ಸೀಟು ಕಿರ್ ಎನ್ನುತ್ತದೆ ಎಂದೂ ಹೇಳಿದೆ. ಯಾವಾಗ ಎಂದು ಹೇಳಲಿಲ್ಲ. ವಾರದ ಮೇಲೆ ಪುಣೆಯವರ ಉತ್ತರ ಬಂತು: ಸ್ಪ್ರಿಂಗು ಸೋತಿದೆ, ಬದಲಿಸಿ, ನಿನ್ನ ಕಾಲಿಗೆ ಹೇಗೂ ಸೀಟು ಎತ್ತರಿಸಬೇಕು, ನಮ್ಮಲ್ಲಿ ಸಿಗುತ್ತದೆ, ಪಾರ್ಸೆಲ್ ಕಳಿಸುತ್ತೇವೆ. ಮಾಸ್ತಪ್ಪ ಖುಷಿಯಿಂದ ಓದಿ ಹೇಳಿದ. ನಾನು ಹಂಚಿನ ಮೇಲಿನ ರೊಟ್ಟಿ ತಿರುವಿದೆ.

ಗಾಡಿ ಎದ್ದಿತು. ಈಶ್ವರನೇ ಎಬ್ಬಿಸಿದ. ಕೊಯಮತ್ತೂರಿನವರು ಕಳಿಸಿದ ಚಿತ್ರ ನೋಡಿ ಕ್ಲಚ್ಚಿನ ಹಿಡಿಯನ್ನೂ ಕೂರಿಸಿದ. ಮೊದಲ ಸಲದ್ದು ಜಾರಿತು, ಎರಡನೆಯದು ಮುರಿಯಿತು, ಮೂರನೆಯದು ನಿಂತಿತು. "ಅವ್ವಾರ, ನಿಮ್ಮ ಅಮಾಸಿ ಪೂಜಿಗೆ ನನ್ನ ಗ್ಯಾರೇಜಿನ ಗಾಡೀನೂ ತಂದು ನಿಲ್ಲಿಸ್ತೀನ್ರಿ" ಎಂದ. "ಕುಳ್ಳಿನ ಜೊತಿಗೆ ನಿಲ್ಲಿಸಪ" ಎಂದೆ. ಮಾಸ್ತಪ್ಪ ಸಂತೆ ಮೈದಾನದಲ್ಲಿ ಕಲಿತ. ಆರ್‌ಟಿಓ ಆಫೀಸಿನವರು ಪರೀಕ್ಷೆ ಮಾಡಿ ಲೈಸೆನ್ಸು ಕೊಟ್ಟರು. ಬೆಲೆ ಅವನು ಹೇಳಿದ್ದಕ್ಕೇ ನಾನು ಒಪ್ಪಿದೆ.

ದೀಪಾವಳಿಗೆ ಮುಂಚೆ ಒಂದು ಸಂಜೆ ನನ್ನನ್ನು ಅಂಜನಾಪುರದ ಕೆರೆ ಏರಿಗೆ ಕರೆದುಕೊಂಡು ಹೋದ. ಮುಂದೆ ಬನ್ನಿ ಎಂದರೂ ನಾನು ಹಿಂದೆಯೇ ಕುಳಿತೆ. ಅದೇ ಜಾಗ. ಸೀಟಿನ ಬಟ್ಟೆಯಲ್ಲಿ ಹೊಸ ಜವಳಿಯ ಗಂಜಿ ವಾಸನೆ ಇನ್ನೂ ಇದ್ದ ಹಾಗೆ ಅನ್ನಿಸಿತು. ಊರು ದಾಟಿ ನೀರು ಕಾಣಿಸಿಕೊಂಡಾಗ, ನಾನು ಆರಾಮಾಗಿದ್ದೇನೋ ಇಲ್ಲವೋ ಎಂದು ನೋಡಲು ಮಾಸ್ತಪ್ಪ ಅರ್ಧ ತಿರುಗಿದ.

ಕಿರ್.

ನಾನು ಕಣ್ಣೆತ್ತಿದೆ. ಕಂಡದ್ದು ಮಾಸ್ತಪ್ಪನ ಮುಖ. ನಾನು ಕಿಟಕಿಯ ಕಡೆ ತಿರುಗಿ ನೀರನ್ನು ನೋಡುತ್ತಾ ಕುಳಿತೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. ಮರಳಿ ಬರುವಾಗ ಒಂದು ಸಲವೂ ತಿರುಗಲಿಲ್ಲ.

ಹಬ್ಬದ ಹಿಂದಿನ ದಿನ ಅವನು ಕ್ಯಾಸನೂರಿಗೆ ಹೊರಟ. ಸೊರಬದಲ್ಲೇ ಸ್ವಂತ ಟೈಪಿಂಗ್ ಅಂಗಡಿ ಹಾಕುವವನಿದ್ದ. ಇನ್ನು ಶಿಕಾರಿಪುರದ ರೊಟ್ಟಿ ಅವನಿಗೆ ದೂರವೇ. ತಾಯಿಗೆ ಸುದ್ದಿ ಕೊಟ್ಟಿರಲಿಲ್ಲ. ಹಾರನ್ನು ಕೆಲಸ ಮಾಡುತ್ತದೋ ಇಲ್ಲವೋ ಎಂದು ನಮ್ಮ ಬಾಗಿಲಲ್ಲೇ ಒತ್ತಿ ಒತ್ತಿ ನೋಡಿದ. ಊಟಕ್ಕೆ ಕುಳಿತವರೆಲ್ಲ ಎದ್ದು ಬಂದರು. ನಾನು ಚಕ್ರಕ್ಕೆ ನಿಂಬೆಹಣ್ಣು ಇಟ್ಟೆ, ರೊಟ್ಟಿ ಬುತ್ತಿಯನ್ನು ಸೀರೆಗಳಿರುತ್ತಿದ್ದ ಜಾಗದಲ್ಲಿ ಇಟ್ಟೆ. ಅಲ್ಲಿ ಪುಣೆಯಿಂದ ಬಂದ ಪಾರ್ಸೆಲ್ಲೂ ಇತ್ತು, ಸ್ಪ್ರಿಂಗಿನದು, ಇನ್ನೂ ಬಿಚ್ಚಿರಲಿಲ್ಲ.

ಕುಳಿತ, ಬಾಗಿಲು ಹಾಕಿಕೊಂಡ. ಯಾರೂ ಎತ್ತಿ ಕೂರಿಸಲಿಲ್ಲ. ಇಂಜಿನ್ನು ಎದ್ದ ಮೇಲೂ ಹೊರಡದೆ ಆ ಪಾರ್ಸೆಲ್ಲಿನ ಮೇಲೆ ಕೈಯಿಟ್ಟುಕೊಂಡಿದ್ದ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ ನನ್ನನ್ನು ಹತ್ತಿರ ಕರೆದು, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿದ:

"ಅಮ್ಮ, ಈ ಗಾಡೀಲಿ ರಿಪೇರಿ ಮಾಡ್ಬಾರ್ದು ಅನ್ನೋ ಸದ್ದು ಎಂತಾದ್ರೂ ಐತಾ?"