ಎರಡು ಅಂಚಿನ ಗೆರೆ

ಅವನು ನನಗಿಂತ ಜಾಣ ಎಂದು ಮೊದಲ ವಾರದಲ್ಲೇ ಗೊತ್ತಾಗಿತ್ತು. ಒಪ್ಪಿಕೊಳ್ಳಲು ಮಾತ್ರ ವರ್ಷಗಳೇ ಹಿಡಿದವು.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲವಾಗಿತ್ತು. ಇಬ್ಬರೂ ಧಾರವಾಡದಲ್ಲಿ ಒಬ್ಬರೇ ಗೈಡ್ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದೆವು. ಅವನು ಅಂಬಿಕಾನಗರದ ವಿದ್ಯುತ್ ನಿಗಮದ ಕ್ವಾರ್ಟರ್ಸ್‌ನಲ್ಲಿ ಬೆಳೆದ ಎಂಜಿನಿಯರರ ಮಗ. ಊಟಕ್ಕೆ ಕೂತಾಗ ಅಪ್ಪ ಮಗ ಕ್ಯಾಲ್ಕುಲಸ್ ಮಾತಾಡುತ್ತಿದ್ದರಂತೆ. ನಾನು ಮುಂಡಗೋಡ ಕಡೆಯ ಸನವಳ್ಳಿ ಹತ್ತಿರದ ಕೇರಿಯವನು. ಅವ್ವ ಹೊಲದ ಕೂಲಿಗೆ ಹೋಗಿ ಓದಿಸಿದವಳು. ಡಿಗ್ರಿ ಎಂಬ ಕಾಗದ ನಮ್ಮ ಮನೆಗೆ ಬಂದದ್ದು ನನ್ನ ಕೈಯಲ್ಲೇ ಮೊದಲು. ಆ ಹೆಮ್ಮೆ ನನಗಿತ್ತು, ಈಗಲೂ ಇದೆ.

ನಮ್ಮ ವಿಷಯದ ಹೆಸರು ಹೇಳಿದರೆ ಬಸ್ಸಿನಲ್ಲಿ ಪಕ್ಕದವರು ಕಿಟಕಿ ಕಡೆ ತಿರುಗುತ್ತಿದ್ದರು: ಅಪರಿವರ್ತನೀಯ ಕ್ವಾಂಟಂ ಕ್ಷೇತ್ರ ಸಿದ್ಧಾಂತ. ಅಕ್ಕಿ ತೊಳೆದು ಬೇಯಿಸುವುದೇ ಬೇರೆ, ಬೇಯಿಸಿ ತೊಳೆಯುವುದೇ ಬೇರೆ. ಹಾಗೆ, ಗುಣಿಸುವ ಕ್ರಮ ಬದಲಿಸಿದರೆ ಉತ್ತರವೂ ಬದಲಾಗುವ ಲೋಕ ಅದು. ಅಲ್ಲಿ ಕಣಗಳು ಡಿಕ್ಕಿ ಹೊಡೆಯುವುದನ್ನು ಫೈನ್‌ಮನ್ ಚಿತ್ರಗಳಾಗಿ ಬರೆದು, ಒಂದೊಂದಕ್ಕೂ ಲೆಕ್ಕ ಹಾಕಬೇಕು. ಲೆಕ್ಕದಲ್ಲಿ ಅನಂತಗಳು ಎದ್ದು ನಿಲ್ಲುತ್ತವೆ. ಗೆರೆಗಳು ಒಂದನ್ನೊಂದು ದಾಟದೆ ಕಾಗದದ ಮೇಲೆ ಚಪ್ಪಟೆಯಾಗಿ ಕೂರುವ ಚಿತ್ರವಾದರೆ ಆ ಅನಂತವನ್ನು ಕಣದ ತೂಕದೊಳಗೋ ವಿದ್ಯುದಂಶದೊಳಗೋ ಅಡಗಿಸಬಹುದು. ಅದಕ್ಕೆ ರಿನಾರ್ಮಲೈಸೇಶನ್ ಎನ್ನುತ್ತಾರೆ. ಗೆರೆ ಗೆರೆಯನ್ನು ದಾಟುವ ಚಿತ್ರಗಳು ಹಾಗಲ್ಲ. ಮೊದಲು ಸಾಧುವಾಗಿ ಕಂಡು, ಇನ್ನೊಂದು ಚಿತ್ರದೊಳಗೆ ಸೇರಿದಾಗ ಬೇರೆ ಬಾಗಿಲಿನಿಂದ ಅನಂತವನ್ನು ಒಳಗೆ ಬಿಡುತ್ತವೆ. ಅದನ್ನು ಅಡಗಿಸಲು ಜಾಗವೇ ಇಲ್ಲ.

ಗೈಡ್ ಇಬ್ಬರಿಗೂ ಒಂದೇ ಕಟ್ಟು ಚಿತ್ರಗಳನ್ನು ಕೊಟ್ಟು, ಚಪ್ಪಟೆ ಯಾವುದು, ದಾಟುವುದು ಯಾವುದು ವಿಂಗಡಿಸಿ ಎಂದಿದ್ದರು. ಪುಣೆಯ ಬೇಸಿಗೆ ಶಿಬಿರಕ್ಕೆ ನಮ್ಮ ವಿಭಾಗದಿಂದ ಒಬ್ಬರಿಗೇ ಜಾಗ. ಮುಂದಿನ ಶನಿವಾರದೊಳಗೆ ಸರಿಯಾಗಿ ತಂದವನಿಗೆ ಅದು. ನನಗೆ ಆ ಜಾಗ ಹಸಿವಿನಂತೆ ಬೇಕಿತ್ತು.

ನಡುವೆ ರಜೆ ಬಂತು. "ನಿಮ್ಮೂರಿಗೆ ಬರ್ತೀನಿ ಕಣೋ, ಒಟ್ಟಿಗೆ ಕೂತು ಮಾಡೋಣ" ಎಂದು ಹಳಿಯಾಳದಲ್ಲಿ ಬಸ್ ಬದಲಿಸಿ ಬಂದೇ ಬಿಟ್ಟ. ಅವನು ಬರುವ ಮುಂಚೆ ನಾನು ಮಾಡಿದ ಕೆಲಸ ಹೇಳಿಬಿಡುತ್ತೇನೆ. ಅವ್ವ ಹಳೇ ಸೀರೆ, ಅಂಗಿ ತುಂಡುಗಳಿಂದ ಹೊಲಿಯುತ್ತಿದ್ದ ಕೌದಿಯನ್ನು ಸುತ್ತಿ ಅಟ್ಟಕ್ಕೆ ಹಾಕಿದೆ. ಚಿಂದಿ ಹೊದೆಯುವ ಮನೆ ಅಂದುಕೊಂಡಾನು ಎಂಬ ನಾಚಿಕೆ.

ಅವ್ವ ಮರುದಿನ ಬೆಳಿಗ್ಗೆಯೇ ಇಳಿಸಿ ಅಂಗಳದಲ್ಲಿ ಹರಡಿದಳು. "ಅಟ್ಟದಾಗ ಇಲಿ ಕಡದ್ರ ನೀ ಹೊಲದ ಕೊಡ್ತೀಯೇನ, ಸಾಹೇಬ?"

ಅವನು ನನ್ನ ಹಾಳೆಗಳನ್ನು ಬಿಟ್ಟು ಅವಳ ಪಕ್ಕ ಕೂತ.

"ಅಮ್ಮಾ, ಎಲ್ಲಿಂದ ಶುರು ಮಾಡ್ತೀರಿ?"

"ಅಂಚಿಂದ, ತಮ್ಮಾ. ಅಂಚ ಹಿಡದು ಸುತ್ತಿ ಸುತ್ತಿ ಒಳಗ ಬರೂದು. ಈ ಪಟ್ಟಿ ನೋಡು, ಇದಕ್ಕ ಎರಡು ಅಂಚು. ಒಂದು ಅಂಚ ಹಿಡಕೊಂಡು ಹೋದ್ರ ಹೊಳ್ಳಿ ಶುರು ಮಾಡಿದಲ್ಲೇ ಬರಬೇಕು. ಬರಲಿಲ್ಲಂದ್ರ ಎಲ್ಲೋ ಒಂದು ಪಟ್ಟಿ ಇನ್ನೊಂದರ ಮ್ಯಾಲ ಹತ್ತೈತಿ ಅಂತ ತಿಳೀ."

"ಮೂಲೆಗೆ ಇದೇನು, ಮಡಚಿದ ತುಂಡು?"

"ಅದಕ್ಕ ಹೂ ಅಂತಾರ. ಅದಿಲ್ಲಂದ್ರ ಕೌದಿ ಬತ್ತಲೆ."

ಅವನು ಬೆರಳಿನಿಂದ ಅಂಚು ಹಿಡಿದು ಹೋದ. ಒಂದು ಸುತ್ತು, ಎರಡು ಸುತ್ತು. ಆಮೇಲೆ ಓಡಿಬಂದು ನನ್ನ ಪೆನ್ಸಿಲ್ ಕಿತ್ತುಕೊಂಡು ಚಿತ್ರದ ಒಂದೊಂದು ಗೆರೆಯನ್ನೂ ಎರಡು ಅಂಚಿನ ಪಟ್ಟಿಯಾಗಿ ಬರೆದ. ಅಂಚು ಹಿಡಿದು ಮುಚ್ಚಿದ ಸುತ್ತು ಎಣಿಸಿದ. ಚಪ್ಪಟೆ ಚಿತ್ರಕ್ಕೆ ಇರಬೇಕಾದಷ್ಟಕ್ಕಿಂತ ಸುತ್ತು ಕಡಿಮೆ ಬಿದ್ದರೆ ಗೆರೆ ದಾಟಿದೆ ಎಂದರ್ಥ. ಕಣ್ಣಂದಾಜು ಬೇಡವೇ ಬೇಡ. ಈ ವಿಧಾನ ಪುಸ್ತಕಗಳಲ್ಲಿ ಮೊದಲೇ ಇತ್ತೆಂದು ಆಮೇಲೆ ತಿಳಿಯಿತು. ಆ ದಿನ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

"ಏಯ್, ನಿನ್ನ ಹದಿನೇಳನೇ ಚಿತ್ರ ಚಪ್ಪಟೆ ಅಲ್ವೋ. ಇಲ್ಲಿ ಎರಡು ಕಾಲು ಅದಲುಬದಲು ಮಾಡಿದೀಯ."

ಮಾಮೂಲಿ ಸಿದ್ಧಾಂತದಲ್ಲಿ ನಾಲ್ಕು ಗೆರೆ ಕೂಡುವಲ್ಲಿ ಯಾವುದನ್ನು ಎಲ್ಲಿ ಬರೆದರೂ ನಡೆಯುತ್ತದೆ. ನಮ್ಮದರಲ್ಲಿ ಚಕ್ರದಂತೆ ತಿರುಗಿಸಬಹುದೇ ಹೊರತು ಅದಲುಬದಲು ಮಾಡುವಂತಿಲ್ಲ. ಹಳೇ ಅಭ್ಯಾಸದ ಕೈ ತಪ್ಪಿತ್ತು. ತಪ್ಪಿಗೆ ನನಗೆ ಅಷ್ಟು ಉರಿಯಲಿಲ್ಲ. ನನ್ನ ಅವ್ವ, ನನ್ನ ಅಂಗಳ, ನಾನು ಹುಟ್ಟಿದಾಗಿನಿಂದ ಹೊದ್ದು ಬಂದಂಥದೇ ಕೌದಿ. ನಾನು ಅಟ್ಟಕ್ಕೆ ಹಾಕಿದ್ದು ಒಂದೇ ಬೆಳಗಿನಲ್ಲಿ ಅವನ ಕಣ್ಣಿಗೆ ಬಿತ್ತಲ್ಲ, ಅದಕ್ಕೆ ಉರಿಯಿತು.

"ನೋಡ್ತೀನಿ" ಎಂದೆ, ಅಷ್ಟೇ.

ಅವನು ಹೊರಟಾಗ ಅವ್ವ ಕೌದಿಯ ನಾಲ್ಕನೇ ಮೂಲೆಗೆ ಹೂ ಇಟ್ಟು ದಾರ ಕಡಿದು, ಅದನ್ನೇ ಅವನ ಕೈಗಿಟ್ಟಳು. ನನಗೆಂದು ಹೊಲಿದದ್ದು.

"ನೀ ಹೊದಿಯಾಕ ನಾಚ್ತೀಯಲ್ಲ" ಎಂದಳು.

ಉಳಿದದ್ದು ಐದು ದಿನ. ಅವನಂತೆ ಗೆರೆಗಳನ್ನು ಪಟ್ಟಿಯಾಗಿ ಬರೆದಿದ್ದರೆ ಒಂದೇ ದಿನದ ಕೆಲಸ. ಬರೆಯಲಿಲ್ಲ. ಅದು ಅವನದು ಎಂದು ಹಟ ಹಿಡಿದು, ಪ್ರತಿ ಚಿತ್ರದ ಅನುಕಲನವನ್ನೂ ಬಿಡಿಸಿ, ಕ್ರಮದ ಗುಣಕಗಳನ್ನು ಒಂದೊಂದಾಗಿ ಹೊರಗೆಳೆದು ಪರೀಕ್ಷಿಸತೊಡಗಿದೆ. ಶನಿವಾರ ಬಂದಾಗ ಅರ್ಧವೂ ಮುಗಿದಿರಲಿಲ್ಲ. ಅವನ ಕಟ್ಟು ಗೈಡ್ ಮೇಜಿನ ಮೇಲಿತ್ತು.

"ಇದು ಹೆಂಗ ಹೊಳೀತಪಾ ನಿನಗ?" ಎಂದು ಗೈಡ್ ಕೇಳಿದರು.

"ಇವರ ತಾಯಿ ಹೇಳಿಕೊಟ್ರು ಸರ್" ಎಂದು ನನ್ನ ಕಡೆ ಕೈ ತೋರಿಸಿದ. ಅವನು ಸುಳ್ಳು ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು.

ಅವನು ಪುಣೆಗೆ ಹೋದ ದಿನವೇ ನಾನು ಬಾಗಿಲು ಹಾಕಿಕೊಂಡು ಪಟ್ಟಿಗಳನ್ನು ಬರೆದೆ. ಮಧ್ಯಾಹ್ನದೊಳಗೆ ಮುಗಿಯಿತು. ಹದಿನೇಳನೆಯದು ದಾಟಿತ್ತು, ಅವನು ಹೇಳಿದಂತೆಯೇ.

ಪ್ರಬಂಧ ರಟ್ಟು ಕಟ್ಟಿಸಿಕೊಂಡು ಬಂದ ದಿನ ಅವ್ವನ ತೊಡೆಯ ಮೇಲಿಟ್ಟೆ. ಅಕ್ಷರ ಬಾರದವಳು ಹಾಳೆ ತಿರುವಿ, ಒಂದು ಪಟ್ಟಿ ಚಿತ್ರದ ಮೇಲೆ ಬೆರಳಿಟ್ಟು ಅಂಚು ಹಿಡಿದು ಹೋದಳು.

"ಇಲ್ಲೆ ಒಂದು ಪಟ್ಟಿ ಇನ್ನೊಂದರ ಮ್ಯಾಲ ಹತ್ತೈತಿ ನೋಡು."

"ಹೌದವ್ವ. ಅದು ದಾಟೂ ಚಿತ್ರ."

"ಚಲೋ ಬರದೀ" ಎಂದಳು. ನನ್ನ ಎದೆ ತುಂಬುವಷ್ಟರಲ್ಲಿ, "ಆ ಹುಡುಗಗ ತೋರಿಸಿದೇನು? ಸರಿ ಐತಿ ಅಂದನೇನು?"

ಅವನಿಗೆ ತೋರಿಸಿರಲಿಲ್ಲ. ಮರುದಿನ ಮುಂಡಗೋಡಿಗೆ ಹೋಗಿ ಅವನ ಅಂಬಿಕಾನಗರದ ವಿಳಾಸಕ್ಕೆ ಒಂದು ಪ್ರತಿ ಅಂಚೆಗೆ ಹಾಕಿದೆ.