ಗ್ರಂಥಾಲಯದಲ್ಲಿ ಇಪ್ಪತ್ತೆರಡು ಮಂದಿ

ಆಲ್ಡರ್ ಗ್ರೋವ್‌ನ ಶಾಲಾ ಬಸ್ಸನ್ನು ಇಪ್ಪತ್ತನಾಲ್ಕು ವರ್ಷ ಓಡಿಸಿದ ಆರ್ಲಿಸ್ ವಿರ್ಸ್ಮಾಳಿಗೆ ಸಿಟ್ಟು ಬರುವುದೇ ಇಲ್ಲವೆಂದು ಊರು ನಂಬಿತ್ತು. ಹಿಂದಿನ ಸೀಟಿನಲ್ಲಿ ಹುಡುಗರು ಹೊಡೆದಾಡಿದರೆ ಅವಳು ಬಸ್ಸನ್ನು ಜೋಳದ ಹೊಲದ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಕೈಕಟ್ಟಿ ಕೂರುತ್ತಿದ್ದಳು. ಒಂದು ಮಾತೂ ಇಲ್ಲ. ಹೀಟರ್ ನಿಂತು ಚಳಿ ಹತ್ತತೊಡಗಿದರೆ ಹುಡುಗರೇ ಸುಮ್ಮನಾಗುತ್ತಿದ್ದರು.

ಪಕ್ಷದ ಕೆಲಸವನ್ನೂ ಅವಳು ಅಷ್ಟೇ ತಾಳ್ಮೆಯಿಂದ ಮಾಡಿದ್ದಳು. ಊರಿನ ಪೂರ್ವದ ಮತಗಟ್ಟೆಗೆ ಇಪ್ಪತ್ತಾರು ವರ್ಷದಿಂದ ಅವಳೇ ಪಕ್ಷದ ಪ್ರತಿನಿಧಿ. ಯಾವ ಅಭ್ಯರ್ಥಿಗೆ ಬೆಂಬಲ, ಯಾವ ಮಾತು ಪಕ್ಷದ ಮಾತು ಎಂದು ಕೌಂಟಿಯಲ್ಲಿ, ಅಂದರೆ ಜಿಲ್ಲೆಯ ಮಟ್ಟದಲ್ಲಿ, ತೀರ್ಮಾನಿಸುವವರು ಈ ಪ್ರತಿನಿಧಿಗಳು. ಎರಡು ವರ್ಷಕ್ಕೊಮ್ಮೆ, ಹಿಮ ಬೀಳುವ ಕಾಲದಲ್ಲಿ, ಆಯಾ ಮತಗಟ್ಟೆಯ ಪಕ್ಷದವರು ಸಭೆ ಸೇರಿ ಇವರನ್ನು ಆರಿಸುತ್ತಾರೆ. ಸಭೆಗೆ ಬಂದವರಿಗೆ ಮಾತ್ರ ಮತ. ಮನೆಯಲ್ಲಿ ಕೂತವರಿಗಿಲ್ಲ. ಯಾರಿಗೂ ಬೇಡದ ಕೆಲಸವಾದ್ದರಿಂದ ಪ್ರತಿಸಲವೂ "ಆರ್ಲಿಸ್ ಇದ್ದಾಳಲ್ಲ" ಎಂದು ಯಾರೋ ಹೇಳುತ್ತಿದ್ದರು, ಉಳಿದವರು ಕೈ ಎತ್ತಿ ಕಾಫಿಗೆ ಹೋಗುತ್ತಿದ್ದರು. ಮತದಾನದ ದಿನ ಹಿಮ ಬಿದ್ದರೆ ಅವಳು ತನ್ನ ಕಾರಿನಲ್ಲಿ ಮುದುಕರನ್ನು ಮತಗಟ್ಟೆಗೆ ಕರೆದೊಯ್ಯುತ್ತಿದ್ದಳು. ಎದುರು ಪಕ್ಷದ ಮುದುಕರನ್ನೂ.

ಕಳೆದ ನವೆಂಬರಿನಲ್ಲಿ ಅವಳ ಪಕ್ಷದ ಅಭ್ಯರ್ಥಿ ಕೌಂಟಿ ಮಂಡಳಿಯ ಸ್ಥಾನವನ್ನು ನಲವತ್ತೊಂದು ಮತದಿಂದ ಕಳೆದುಕೊಂಡ. ಮರುಎಣಿಕೆ ಬೇಕೆಂದು ಗಲಾಟೆಯಾಯಿತು. ಎರಡೂ ಪಕ್ಷದಿಂದ ಒಬ್ಬೊಬ್ಬರು ಮೇಜಿಗೆ ಕೂತರು. ಈ ಕಡೆಯಿಂದ ಕೂತವಳು ಆರ್ಲಿಸ್. ಮೂರು ದಿನ ಒಂದೊಂದೇ ಮತಪತ್ರ ಕೈಗೆತ್ತಿಕೊಂಡು ಎಣಿಸಿದರು. ಮತ್ತೆ ನಲವತ್ತೊಂದೇ. ಸೋತವನ ಪ್ರಚಾರ ಫಲಕವನ್ನು ಅವಳು ತನ್ನ ಮನೆಯಂಗಳದಲ್ಲೇ ನೆಟ್ಟಿದ್ದಳು. ಆದರೂ ಎಣಿಕೆ ಸರಿಯಿದೆ ಎಂದು ಸಹಿ ಹಾಕಿ ಬಂದಳು. ಮರುವಾರ ಅವಳ ಟಪಾಲು ಪೆಟ್ಟಿಗೆಯ ಮೇಲೆ ಯಾರೋ ಕಪ್ಪು ಬಣ್ಣದಲ್ಲಿ 'ದ್ರೋಹಿ' ಎಂದು ಬರೆದಿದ್ದರು.

ಜನವರಿಯಲ್ಲಿ ಬ್ರೆಂಟ್ ಡೆ ಗ್ರೋಟ್ ಮನೆಗೆ ಬಂದ. ಟೈರ್ ಅಂಗಡಿಯವನು, ಆರನೇ ವಯಸ್ಸಿನಿಂದ ಅವಳ ಬಸ್ಸಿನಲ್ಲೇ ಶಾಲೆಗೆ ಹೋದವನು. ಅಡುಗೆಮನೆಯ ಮೇಜಿನ ಮೇಲೆ ಒಂದು ಹಾಳೆ ಬಿಚ್ಚಿಟ್ಟ.

"ಮಿಸೆಸ್ ವಿರ್ಸ್ಮಾ, ನಿಮ್ ಮೇಲೆ ನಂಗೇನೂ ಕೋಪ ಇಲ್ಲ. ಇದಕ್ಕೊಂದು ಸೈನ್ ಹಾಕ್ಬಿಡಿ. ಸಭೇಲಿ ನಿಮ್ ವಿರುದ್ಧ ಯಾರೂ ನಿಲ್ಲಲ್ಲ, ನನ್ ಜವಾಬ್ದಾರಿ."

ಹಾಳೆಯಲ್ಲಿದ್ದದ್ದು ಎರಡೇ ಸಾಲು: ಮರುಎಣಿಕೆಗೆ ಒತ್ತಡದಲ್ಲಿ ಸಹಿ ಹಾಕಿದೆ. ಆ ಎಣಿಕೆಯಲ್ಲಿ ನನಗೆ ನಂಬಿಕೆಯಿಲ್ಲ.

"ಯಾರ ಒತ್ತಡನೋ?"

"ಯಾರದಾದ್ರೂ ಆಗ್ಲಿ. ಜನ ಅರ್ಥ ಮಾಡ್ಕೋತಾರೆ."

"ನಾನೇ ಎಣಿಸಿದ್ದು ಕಣೋ. ನಮ್ಮೋನು ಸೋತ. ಅಷ್ಟೇ."

"ಯುದ್ಧ ನಡೀತಿರೋವಾಗ ನೀವು ಅಂಪೈರ್ ಕೆಲ್ಸಕ್ಕೆ ಹೋದ್ರಿ. ಅದೇ ತಪ್ಪು."

"ಟೈರ್ ಮಾರೋನಿಗೆ ಯಾವ ಯುದ್ಧ ಬಂತೋ? ಮೂರನೇ ಕ್ಲಾಸಲ್ಲಿ ಬಸ್ಸಲ್ಲಿ ವಾಂತಿ ಮಾಡ್ಕೊಂಡು ಅತ್ತಿದ್ದೆ, ಒರೆಸಿದ್ದು ನಾನು. ನನ್ ಮುಂದೆ ಸೇನಾಪತಿ ಆಗ್ಬೇಡ. ಕಾಫಿ ಕುಡ್ದು ಹೋಗು."

ಬ್ರೆಂಟ್ ಕಾಫಿ ಕುಡಿಯಲಿಲ್ಲ. ಹಾಳೆಯನ್ನು ಅಲ್ಲೇ ಬಿಟ್ಟು ಹೋದ.

ಸಹಿ ಹಾಕದಿದ್ದರೆ ಬ್ರೆಂಟ್ ತಾನೇ ಎದುರು ನಿಲ್ಲುತ್ತಾನೆ, ಪ್ರತಿನಿಧಿ ಸ್ಥಾನ ಹೋಗುತ್ತದೆಂದು ಊರಿಗೆಲ್ಲ ಗೊತ್ತಾಯಿತು. ಕಿರಾಣಿ ಅಂಗಡಿಯಲ್ಲಿ ಬ್ಯಾಂಕಿನ ಜೋಯ್ಸ್ ಅಡ್ಡ ಬಂದು, ಹಿಂದೆ ಮುಂದೆ ನೋಡಿ, ಕಿವಿಯ ಹತ್ತಿರ ಬಗ್ಗಿದಳು.

"ನಾವೆಲ್ಲ ನಿನ್ ಕಡೆ ಕಣೇ. ಆ ಹುಚ್ಚರು ಎಷ್ಟ್ ಜನ ಇದಾರೆ, ಹತ್ತೋ ಹನ್ನೆರಡೋ! ಆದ್ರೆ ನನ್ ಹೆಸ್ರು ಮಾತ್ರ ಎಲ್ಲೂ ಎತ್ತಬೇಡ."

ಧಾನ್ಯದ ಗೋದಾಮು ನಡೆಸುವ ಕೆಂಟ್ ಫೋನಿನಲ್ಲಿ ಸಂದೇಶ ಕಳಿಸಿದ: 'ನಿನ್ನಂಥವರಿಂದ ಪಕ್ಷ ಉಳಿದಿದೆ. ಇದನ್ನು ಯಾರಿಗೂ ತೋರಿಸಬೇಡ.' ಚರ್ಚಿನ ಮೆಟ್ಟಿಲ ಮೇಲೆ, ಪೆಟ್ರೋಲ್ ಬಂಕಿನಲ್ಲಿ, ದಂತವೈದ್ಯರ ಕೋಣೆಯಲ್ಲಿ, ಹೀಗೆ ನಲವತ್ತು ಜನ ಸಭೆಗೆ ಬರುತ್ತೇವೆಂದು ಮಾತು ಕೊಟ್ಟರು. ಎಲ್ಲರೂ ಪಿಸುಮಾತಿನಲ್ಲಿ.

ಫೆಬ್ರವರಿಯ ಮೊದಲ ಸೋಮವಾರ, ಸಂಜೆ ಏಳಕ್ಕೆ, ಶಾಲೆಯ ಗ್ರಂಥಾಲಯದಲ್ಲಿ ಸಭೆ. ಅದೇ ಸಂಜೆ ಅದೇ ಶಾಲೆಯ ಜಿಮ್ನಾಷಿಯಂನಲ್ಲಿ ಪಕ್ಕದೂರಿನ ವಿರುದ್ಧ ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯ. ಒಳ್ಳೆಯದೇ ಆಯಿತು, ಹೇಗೂ ಎಲ್ಲರೂ ಶಾಲೆಗೆ ಬರುತ್ತಾರೆ ಎಂದುಕೊಂಡ ಆರ್ಲಿಸ್ ಅರವತ್ತು ಕುರ್ಚಿ ಹಾಕಿದಳು.

ಏಳಕ್ಕೆ ಹತ್ತು ನಿಮಿಷವಿದ್ದಾಗ ಬ್ರೆಂಟ್‌ನ ಕಡೆ ಹದಿಮೂರು ಜನ ಕೂತಿದ್ದರು. ಹಿಮ ಮೆತ್ತಿದ ಬೂಟು, ಕೈಯಲ್ಲಿ ಪೆನ್ನು. ಅವಳ ಕಡೆ, ಅವಳೂ ಸೇರಿ, ಒಂಬತ್ತು.

ಅವಳು ಕಾರಿಡಾರಿನಲ್ಲಿ ಬಿರಬಿರನೆ ನಡೆದು ಜಿಮ್ನಾಷಿಯಂ ಬಾಗಿಲು ತಳ್ಳಿದಳು. ಊರಿಗೆ ಊರೇ ಅಲ್ಲಿತ್ತು. ಮೂರನೇ ಸಾಲಿನಲ್ಲಿ ಜೋಯ್ಸ್, ಕೆನ್ನೆಗೆ ಶಾಲಾ ತಂಡದ ನೀಲಿ ಬಣ್ಣ, ತೊಡೆಯ ಮೇಲೆ ಪಾಪ್‌ಕಾರ್ನ್. ಪಕ್ಕದಲ್ಲಿ ಕೆಂಟ್.

"ಹತ್ತು ನಿಮಿಷ ಇದೆ. ಏಳಿ. ಮತ ಹಾಕಿ ವಾಪಸ್ ಬಂದ್ಬಿಡಿ."

"ಈ ಕ್ವಾರ್ಟರ್ ಆಟ ಮುಗೀಲಿ ಕಣೇ," ಎಂದಳು ಜೋಯ್ಸ್, ಕಣ್ಣು ಚೆಂಡಿನ ಮೇಲೆ.

"ಏಳಕ್ಕೆ ಬಾಗ್ಲು ಹಾಕ್ಬೇಕು. ಅದು ನಿಯಮ."

ಕೆಂಟ್ ನಕ್ಕ. "ಇಪ್ಪತ್ತಾರು ವರ್ಷದಿಂದ ಗೆಲ್ತಿದೀಯ. ನಿನ್ನನ್ನ ಯಾರು ಅಲ್ಲಾಡಿಸ್ತಾರೆ? ನಾವು ಬಂದ್ವಿ ಅಂತ್ಲೇ ಅಂದ್ಕೋ, ಹೋಗು." ಆಮೇಲೆ ದನಿ ತಗ್ಗಿಸಿದ. "ಹಿಂದಿನ ಸಾಲಲ್ಲಿ ಬ್ರೆಂಟ್ ಮಾವ ಕೂತಿದಾನೆ. ನನ್ ದೊಡ್ಡ ಗಿರಾಕಿ ಅವ್ನು. ನಾನು ಎದ್ದು ನಿನ್ ಹಿಂದೆ ಬಂದ್ರೆ ನೋಡ್ತಾನೆ."

ಆರ್ಲಿಸ್‌ಳ ಮೈಯೆಲ್ಲ ಉರಿಯಿತು. ಹಿಂದಿನ ಸಾಲಿನ ಒಬ್ಬ ಮುದುಕನಿಗೆ ಹೆದರಿ ಊರಿನ ಅರ್ಧ ಜನ ಪಾಪ್‌ಕಾರ್ನ್ ತಿನ್ನುತ್ತ ಕೂತಿದ್ದಾರೆ. ಇವರು ತಮ್ಮನ್ನು ತಾವು ಮಧ್ಯದ ದಾರಿಯವರು, ವಿವೇಕಿಗಳು ಎಂದು ಕರೆದುಕೊಳ್ಳುತ್ತಾರೆ. ಅಡ್ಡಗೋಡೆಯ ಮೇಲೆ ದೀಪವಿಡುವುದಕ್ಕೆ ಇವರ ಬಳಿ ಎಷ್ಟು ಚಂದದ ಹೆಸರು! ಅವಳು ತಿರುಗಿ ನಡೆದಳು.

ಗ್ರಂಥಾಲಯದ ಗಡಿಯಾರದಲ್ಲಿ ಏಳಾಯಿತು. ಅವಳ ಕಡೆಯ ಹೆಂಗಸೊಬ್ಬಳು, "ಹತ್ತು ನಿಮಿಷ ತಡಿ ಆರ್ಲಿಸ್, ಹಾಫ್ ಟೈಮ್‌ಗೆ ಬಂದಾರು" ಎಂದಳು.

"ಏಳು ಅಂದ್ರೆ ಏಳು," ಎಂದು ಆರ್ಲಿಸ್ ತಾನೇ ಬಾಗಿಲು ಹಾಕಿದಳು.

ಬ್ರೆಂಟ್ ಎದ್ದುನಿಂತ. ಕೈಯಲ್ಲಿ ಅದೇ ಎರಡು ಸಾಲಿನ ಹಾಳೆಯ ಇನ್ನೊಂದು ಪ್ರತಿ. "ಈಗ್ಲೂ ತಡ ಆಗಿಲ್ಲ ಮಿಸೆಸ್ ವಿರ್ಸ್ಮಾ. ಇದನ್ನ ಗಟ್ಟಿಯಾಗಿ ಓದ್ಬಿಡಿ. ನಾನು ನಿಲ್ಲಲ್ಲ."

ಇಪ್ಪತ್ತೊಂದು ಮುಖಗಳು ಅವಳನ್ನೇ ನೋಡಿದವು. ಓದಿದರೆ ಮನೆ ಮನೆ ಅಲೆದು ಗಳಿಸಿದ ಇಪ್ಪತ್ತಾರು ವರ್ಷ ಉಳಿಯುತ್ತದೆ.

"ಚೀಟಿ ಹಂಚಿ," ಎಂದಳು.

ಚೀಟಿಗಳನ್ನು ಅವಳೇ ಎಣಿಸಿದಳು, ಬ್ರೆಂಟ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಎರಡು ಸಲ. ಹದಿಮೂರು, ಒಂಬತ್ತು. ಫಲಿತಾಂಶದ ಹಾಳೆಗೆ ಸಹಿ ಹಾಕುವಾಗ ಗೋಡೆಯಾಚೆ ಜಿಮ್ನಾಷಿಯಂ 'ಹೋ' ಎಂದು ಕೂಗಿತು. ಬ್ರೆಂಟ್ ಕೈ ಚಾಚಿದ. ಅವಳು ಕುಲುಕಿದಳು. ಅವನ ಮೇಲೆ ಅವಳಿಗೆ ಸಿಟ್ಟಿತ್ತು, ಆದರೆ ಗೋಡೆಯಾಚೆ ಕೂತವರ ಮೇಲಿನ ಸಿಟ್ಟಿನ ಮುಂದೆ ಅದು ಈಗ ಎರಡನೆಯ ಸಿಟ್ಟಾಗಿತ್ತು.

ಪಂದ್ಯ ಮುಗಿಯುವವರೆಗೆ ಅವಳು ಜಿಮ್ನಾಷಿಯಂ ಬಾಗಿಲಲ್ಲಿ ನಿಂತಿದ್ದಳು. ಊರು ಮೂರು ಅಂಕದಿಂದ ಗೆದ್ದಿತು. ಜೋಯ್ಸ್ ಓಡಿಬಂದು ತೋಳು ಹಿಡಿದಳು.

"ಗೆದ್ವಿ! ನೀನೂ ಗೆದ್ದೆ ತಾನೆ?"

"ಸೋತೆ."

"ಅಯ್ಯಯ್ಯೋ! ಆ ಹುಚ್ಚು ಮುಂಡೇವು, ಪಕ್ಷಾನೇ ಹಾಳ್ ಮಾಡ್ಬಿಟ್ರು."

"ಅವ್ರನ್ನ ಬೈಬೇಡ. ಹಿಮದಲ್ಲಿ ನಡ್ಕೊಂಡು ಬಂದು ಕುರ್ಚೀಲಿ ಕೂತ್ರು ಅವ್ರು. ನೀನು ಐವತ್ತು ಹೆಜ್ಜೆ ದೂರದಲ್ಲಿದ್ದೆ."

"ನಂಗೇನ್ ಗೊತ್ತಿತ್ತು ಕಣೇ, ನೀನು ಯಾವಾಗ್ಲೂ..."

"ಯಾವಾಗ್ಲೂ ನಾನು. ಹೌದು."

"ಮುಂದಿನ್ ಸಲ ಖಂಡಿತ ಬರ್ತೀವಿ."

"ಎಲ್ಲಿಗೆ ಬರ್ತೀಯೇ? ಇನ್ನೆರಡು ವರ್ಷ ಅಭ್ಯರ್ಥಿಗಳನ್ನ ಆರಿಸೋದು ಅವ್ರು. ನೀನು ಅವ್ರು ಆರಿಸಿದೋರಿಗೇ ಮತ ಹಾಕ್ತೀಯ, ಮೂಗು ಹಿಡ್ಕೊಂಡು. ಆಮೇಲೆ ಅಂಗಡೀಲಿ ನನ್ ಕಿವೀಲಿ ಪಿಸುಗುಟ್ತೀಯ."

ಜೋಯ್ಸ್‌ಳ ನೀಲಿ ಕೆನ್ನೆ ಕೆಂಪಾಯಿತು. ಆರ್ಲಿಸ್ ತೋಳು ಬಿಡಿಸಿಕೊಂಡು, ಕುಣಿಯುವವರ ನಡುವೆ ದಾರಿ ಮಾಡಿಕೊಂಡು, ಅಂಕಗಳ ಮೇಜಿನ ಹತ್ತಿರ ಹೋದಳು. ಪಂದ್ಯದ ಘೋಷಣೆ ಮಾಡುತ್ತಿದ್ದ ವೇಯ್ನ್‌ನ ಮುಂದಿನಿಂದ ಮೈಕನ್ನು ಎಳೆದುಕೊಂಡಳು. ಅಷ್ಟು ದೊಡ್ಡ ದನಿ ಅವಳದೆಂದು ಊರಿಗೆ ಗೊತ್ತೇ ಇರಲಿಲ್ಲ.

"ಪೂರ್ವ ಮತಗಟ್ಟೆಯ ಫಲಿತಾಂಶ. ಪಕ್ಷದಲ್ಲಿ ಹೆಸರಿರೋರು ಆರುನೂರ ಹನ್ನೆರಡು ಜನ. ಬಂದೋರು ಇಪ್ಪತ್ತೆರಡು. ಬ್ರೆಂಟ್ ಡೆ ಗ್ರೋಟ್‌ಗೆ ಹದಿಮೂರು, ನಂಗೆ ಒಂಬತ್ತು. ನಾನೇ ಎಣಿಸಿದೀನಿ. ಎಣಿಕೆ ಸರಿಯಾಗಿದೆ. ಯಾರೂ ಮೋಸ ಮಾಡಿಲ್ಲ. ನಲವತ್ತು ಜನ ಬರ್ತೀನಿ ಅಂತ ಮಾತು ಕೊಟ್ಟಿದ್ರಿ. ನೀವೆಲ್ಲ ಇಲ್ಲೇ ಇದೀರ, ನಂಗೆ ಕಾಣಿಸ್ತಿದೀರ."

ಕುಣಿತ ನಿಂತಿತು. ಕೆಂಟ್ ತನ್ನ ಬೂಟು ನೋಡಿಕೊಂಡ. ವೇಯ್ನ್ ಮೆಲ್ಲಗೆ ಮೈಕಿಗೆ ಕೈ ಹಾಕಿದ.

"ಸಾಕು ಆರ್ಲಿಸ್. ಜನ ಖುಷಿಯಾಗಿದಾರೆ. ಇದನ್ನ ಇವತ್ತೇ ಹೇಳ್ಬೇಕಾ?"

ಅವಳು ಮೈಕು ಬಿಡಲಿಲ್ಲ. ಫಲಿತಾಂಶದ ಹಾಳೆಯನ್ನು ಎತ್ತಿ ಹಿಡಿದು, ಮೊದಲ ಸಾಲಿನಿಂದ ಮತ್ತೆ ಓದತೊಡಗಿದಳು.